ಗಿಟಾರಿನ ಗುಂಯ್ ನಿಂತ ಜಾಗ

ನಮ್ಮ ಮನೆಗೂ ನಮ್ಮ ಹಿಟ್ಟಿನ ಗಿರಣಿಗೂ ನಡುವೆ ಇರುವುದು ಒಂದೇ ಗೋಡೆ. ಚಿಕ್ಕನರಗುಂದಕ್ಕೆ ಸೊಸೆಯಾಗಿ ಬಂದ ಹೊಸದರಲ್ಲಿ ಆ ಸಪ್ಪಳಕ್ಕೆ ತಲೆ ಚಿಟ್ಟು ಹಿಡಿಯುತ್ತಿತ್ತು. ಬರಬರುತ್ತ ಗಿರಣಿ ನಿಂತರೇ ಮನೆ ಭಣಭಣ ಅನ್ನಿಸತೊಡಗಿತು. ಗಂಡ ಗಿರಣಿ ನೋಡಿಕೊಳ್ಳುತ್ತಾರೆ, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ವರಾಂಡದಲ್ಲಿ ನನ್ನ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಇಡೀ ತರಗತಿ ಗಪ್‌ಚಿಪ್. ಈ ಹೆದರಿಕೆಯನ್ನು ನಾನು ಇಷ್ಟು ವರ್ಷ ಜತನದಿಂದ ಕಾಪಾಡಿಕೊಂಡು ಬಂದಿದ್ದೇನೆ.

ಇಂಥ ನನಗೆ ಐವತ್ತು ದಾಟಿದ ಮೇಲೆ ಎಲೆಕ್ಟ್ರಿಕ್ ಗಿಟಾರಿನ ಹುಚ್ಚು. ಹೊಸ ಹುಚ್ಚೇನಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಗೋವಾದ ಗೆಳತಿಯ ಹತ್ತಿರ ಒಂದು ಮರದ ಗಿಟಾರೂ ಹಳೆಯ ಇಂಗ್ಲಿಷ್ ರಾಕ್ ಹಾಡುಗಳ ಒಂದಿಷ್ಟು ಕ್ಯಾಸೆಟ್ಟುಗಳೂ ಇದ್ದವು. ಬೆರಳು ಎಲ್ಲಿಡಬೇಕು ಎಂಬುದನ್ನು ಅವಳೇ ಕಲಿಸಿದಳು. ಆದರೆ ಕ್ಯಾಸೆಟ್ಟಿನೊಳಗಿನ ಗಿಟಾರು ಬೇರೆಯೇ ಇತ್ತು. ಅದು ಬೈಯುತ್ತಿತ್ತು, ರಮಿಸುತ್ತಿತ್ತು, ಒಮ್ಮೊಮ್ಮೆ ಬಿಕ್ಕುತ್ತಿತ್ತು. ಒಂದು ದಿನ ನಾನೂ ಹಾಗೆ ನುಡಿಸಬೇಕು ಅಂದುಕೊಂಡೆ. ಮದುವೆ, ನೌಕರಿ, ಮಕ್ಕಳ ಓದು ಎಲ್ಲ ಆದವು. ಆ ಒಂದು ದಿನ ಮಾತ್ರ ಬರಲೇ ಇಲ್ಲ.

ಹೋದ ವರ್ಷ ತುಟ್ಟಿಭತ್ಯೆಯ ಬಾಕಿ ಕೈಗೆ ಬಂತು. "ಬಂಗಾರ ತಗೋತಿ ಏನ?" ಎಂದು ಗಂಡ ಕೇಳಿದರು. ಗಿಟಾರು ಎಂದೆ. ಅವರು, "ಆತು ಬಿಡು, ಬಂಗಾರಕ್ಕಿಂತ ಸೋವಿ" ಎಂದರು.

ಸೋವಿ, ಅಂದರೆ ಅಗ್ಗ, ಅನ್ನುವುದು ಅವರ ಮಾತು. ಗಿಟಾರಿಗೆ ದುಡ್ಡು ಸಾಲುವಂತಿದ್ದರೆ ಅದರ ಸದ್ದು ಹೊರಡಿಸುವ ಆಂಪ್ಲಿಫೈಯರಿಗೆ ಸಾಲುತ್ತಿರಲಿಲ್ಲ, ಎರಡೂ ಬಂದರೆ ಪೆಡಲಿಗೆ ಇಲ್ಲ. ಮೊಬೈಲಿನಲ್ಲಿ ಓದೀ ಓದೀ ಕಡೆಗೆ ನಾನೇ ಒಂದು ತೀರ್ಮಾನಕ್ಕೆ ಬಂದೆ. ಗಿಟಾರು ಮಾತ್ರ ಹೊಸದಿರಬೇಕು, ಕುತ್ತಿಗೆ ನೆಟ್ಟಗಿರಬೇಕು, ಹಚ್ಚಿದ ಶ್ರುತಿ ಜಾರಬಾರದು. ಆಂಪ್ಲಿಫೈಯರ್ ಸಣ್ಣದಿರಲಿ, ಬೇರೆಯವರು ಬಳಸಿದ್ದೂ ನಡೆಯುತ್ತದೆ. ಕಾಲಲ್ಲಿ ಒತ್ತಿದರೆ ಸದ್ದನ್ನು ತುಸು ಹರಿದು ಒರಟು ಮಾಡುವ ಪೆಡಲ್ ಒಂದೇ ಒಂದು ಸಾಕು. ನೂರು ತರದ ಸದ್ದು ಕೊಡುವ ಪೆಟ್ಟಿಗೆಗಳೂ ಇದ್ದವು, ಅದೂ ಕಡಿಮೆ ಬೆಲೆಗೆ. ಆದರೆ ನನಗೆ ಬೇಕಿದ್ದದ್ದು ನೂರಲ್ಲ, ಆ ಕ್ಯಾಸೆಟ್ಟಿನ ಒಂದು ಸದ್ದು.

ಹುಬ್ಬಳ್ಳಿಯ ಅಂಗಡಿಯವರು ಎರಡು ಗಿಟಾರು ತಂದು ಮುಂದಿಟ್ಟರು. ತಂತಿಗಳ ಕೆಳಗೆ ಅಯಸ್ಕಾಂತಕ್ಕೆ ಸಣ್ಣ ತಂತಿ ಸುತ್ತಿದ ಸುರುಳಿ ಇರುತ್ತದೆ, ತಂತಿಯ ಕಂಪನವನ್ನು ಹಿಡಿಯುವುದು ಅದೇ. ಒಂದು ಗಿಟಾರಿನದು ಒಂಟಿ ಸುರುಳಿ, ಇನ್ನೊಂದರದು ಜೋಡಿ. "ಮೇಡಮ್, ಜೋಡಿದು ತಗೋರಿ. ಹಳೇ ರಾಕಿಗೆ ಚಲೋ, ಮ್ಯಾಲ ಗುಂಯ್ ಅನ್ನೂದಿಲ್ಲ. ಒಂಟಿದು ಸುತ್ತ ಎಲ್ಲಿ ಕರೆಂಟ್ ಹರಿದ್ರೂ ಹಿಡೀತೈತಿ," ಎಂದರು. ಹತ್ತನೆಯ ತರಗತಿಗೆ ವಿದ್ಯುತ್ತು, ಅಯಸ್ಕಾಂತ ಕಲಿಸುವವಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಒಂಟಿ ಸುರುಳಿಯ ಆ ಕೆಂಪು ಗಿಟಾರನ್ನು ಮೀಟಿದ ತಕ್ಷಣ ಹಾಸ್ಟೆಲಿನ ಕೋಣೆ ಕಣ್ಣ ಮುಂದೆ ಬಂತು. ಅಲ್ಲಿಗೆ ವಿಜ್ಞಾನ ಮುಗಿಯಿತು. ಅಲ್ಲೇ ಇದ್ದ ಹಳೆಯ ಆಂಪ್ಲಿಫೈಯರಿನಲ್ಲಿ ಹೆಡ್‌ಫೋನ್ ಸಿಕ್ಕಿಸುವ ತೂತು ಕೆಟ್ಟಿತ್ತು, ಅದಕ್ಕೇ ಅಗ್ಗವಾಗಿ ಸಿಕ್ಕಿತು. ನನಗೆ ಹೆಡ್‌ಫೋನ್ ಯಾಕೆ ಬೇಕು? ಗಿರಣಿ ನಡೆಯುವಾಗ ನುಡಿಸಿದರೆ ಯಾರಿಗೆ ಕೇಳಿಸುತ್ತದೆ? ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಯಾರಿಗೂ ಕೇಳಿಸಬಾರದು ಎಂಬುದೇ ನನಗೆ ಮುಖ್ಯವಾಗಿತ್ತು. ಬಸ್ಸಿನಲ್ಲಿ ಕಂಡಕ್ಟರ್, "ಏನ್ರಿ ಅಕ್ಕೋರ, ವೀಣಾ ಏನ್ರಿ?" ಎಂದು ಕೇಳಿದಾಗ "ಹೌದ್ರಿ" ಎಂದುಬಿಟ್ಟೆ. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ, ಆ ಒಂದು ಶಬ್ದದಲ್ಲಿ ಸೆರಗು ಹೊದ್ದು ನೆಟ್ಟಗೆ ನಡೆಯುವ ಹೆಂಗಸು ಇದ್ದಾಳೆ. ಅವಳು ಕೆಂಪು ಗಿಟಾರು ಕೊರಳಿಗೆ ಹಾಕಿಕೊಂಡು ತಲೆ ಕುಣಿಸಿದರೆ ಊರು ನಕ್ಕೀತು. ಬೈಗುಳಕ್ಕೆ ನಾನು ಹೆದರುವವಳಲ್ಲ. ನಗುವಿಗೆ ಮಾತ್ರ ಬಹಳ ಹೆದರುತ್ತಿದ್ದೆ.

ಮರುದಿನ ಸಂಜೆ ಗಿರಣಿ ಭರ್ತಿ ನಡೆದಿತ್ತು. ಹೊಲದಿಂದ ಬಂದ ಹೆಂಗಸರು ಜೋಳದ ಬುಟ್ಟಿಗಳನ್ನು ಪಾಳಿಗೆ ಹಚ್ಚಿ, ಅಂಗಳದ ಬೇವಿನ ಗಿಡದ ಕಟ್ಟೆಯ ಮೇಲೆ ಕೂತಿದ್ದರು. ನಾನು ಪಡಸಾಲೆಯ ಬಾಗಿಲು ಹಾಕಿಕೊಂಡು ಆಂಪ್ಲಿಫೈಯರಿನ ಗುಂಡಿ ಒತ್ತಿದೆ. ಗುಂಯ್ ಎಂದು ಶುರುವಾಯಿತು ನೋಡಿ! ಗಿರಣಿಯ ಮೋಟಾರಿಗೆ ಹೋಗುವ ದಪ್ಪ ವೈರು ನಮ್ಮ ಪಡಸಾಲೆಯ ಗೋಡೆಗುಂಟವೇ ಹಾದುಹೋಗುತ್ತದೆ. ಒಂಟಿ ಸುರುಳಿ ಅದನ್ನಷ್ಟೂ ಕುಡಿದು ಕಕ್ಕುತ್ತಿತ್ತು. ತಂತಿ ಮೀಟಿದರೆ ನಾದ ಆ ಗುಂಯ್‌ನಲ್ಲಿ ಮುಳುಗಿಹೋಗುತ್ತಿತ್ತು. ಗಿರಣಿ ನಿಂತಾಗ ಗುಂಯ್ ಇಲ್ಲ, ಆದರೆ ಆಗ ಓಣಿಗೆಲ್ಲ ಕೇಳಿಸುತ್ತದೆ. ಗಿರಣಿ ನಡೆದರೆ ಯಾರಿಗೂ ಕೇಳಿಸುವುದಿಲ್ಲ, ನನಗೂ ಕೇಳಿಸುವುದಿಲ್ಲ.

ಹೀಗೇ ಕೆಲವು ವಾರ ಹಲ್ಲು ಕಚ್ಚಿ ಕಳೆದೆ. ಒಂದು ಸಂಜೆ ಗಂಡ ಬಾಗಿಲಲ್ಲಿ ನಿಂತು, "ಒಂದ್ ತಾಸು ಮೋಟಾರ್ ಬಂದ್ ಮಾಡ್ಲೇನು?" ಎಂದರು.

"ಬ್ಯಾಡ್ರೀ, ಮಂದಿಗೆ ಕೇಳಸ್ತೈತಿ."

"ಕೇಳಸಾಕಲ್ಲೇನು ಬಾರ್ಸೂದು?"

ನನಗೆ ಸಿಟ್ಟು ಬಂತು. "ನಿಮ್ಮ ಹಿಟ್ಟು ನೀವು ಬೀಸ್ರಿ" ಎಂದು ಹೇಳಿ ಕಳಿಸಿದೆ. ಭಾನುವಾರ ಹುಬ್ಬಳ್ಳಿಗೆ ಹೋಗಿ ಕೆಂಪು ಗಿಟಾರನ್ನು ಕೊಟ್ಟು ಜೋಡಿ ಸುರುಳಿಯದನ್ನು ತರುವುದೆಂದು ನಿಶ್ಚಯಿಸಿದೆ. ಮೇಲೆ ಎಷ್ಟು ತೆರಬೇಕಾದೀತೋ ಎಂಬ ಚಿಂತೆಗಿಂತ, ಆ ಸದ್ದನ್ನು ಕೈಯಾರೆ ಬಿಟ್ಟುಕೊಡಬೇಕಲ್ಲ ಎಂಬುದೇ ದೊಡ್ಡದಾಗಿತ್ತು.

ಶನಿವಾರ ಸಂಜೆ ಕೊನೆಯ ಸಲ ಎಂದು ಪೆಡಲ್ ಒತ್ತಿಟ್ಟು ಗಿಟಾರು ಕೊರಳಿಗೆ ಹಾಕಿಕೊಂಡೆ. ಸುಮ್ಮನೆ ಈಚೆ ಆಚೆ ತಿರುಗಿದಾಗ ಗುಂಯ್ ಸಣ್ಣದಾಯಿತು, ಮತ್ತೆ ದೊಡ್ಡದಾಯಿತು. ಥೂ, ಸುರುಳಿಯ ದಿಕ್ಕು ಬದಲಾದರೆ ಅದು ಹಿಡಿಯುವ ಕರೆಂಟೂ ಬದಲಾಗುತ್ತದೆ, ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನೇ! ಕಣ್ಣು ಮುಚ್ಚಿ, ಸದ್ದನ್ನಷ್ಟೇ ಕೇಳುತ್ತ, ಒಂದೊಂದೇ ಹೆಜ್ಜೆ ಇಡತೊಡಗಿದೆ. ವೈರಿನ ಗೋಡೆಯಿಂದ ದೂರವಾದಷ್ಟೂ ಗುಂಯ್ ಇಳಿಯುತ್ತ ಬಂತು. ಅಂಗಳದ ಬಾಗಿಲು ತಡೆಯಿತು, ತೆರೆದೆ. ಗಿಟಾರಿನ ಉದ್ದ ಕೇಬಲ್ ಎಳೆದುಕೊಂಡು ಹೊಸ್ತಿಲು ದಾಟಿ ಮೆಟ್ಟಿಲ ಮೇಲೆ ನಿಂತು ತುಸು ಎಡಕ್ಕೆ ವಾಲಿದೆ. ಗುಂಯ್ ಪೂರ್ತಿ ನಿಂತಿತು.

ಆ ಖುಷಿಯಲ್ಲಿ ಇಷ್ಟು ವಾರ ತಾಲೀಮು ಮಾಡಿದ ಹಾಡಿನ ಸಾಲನ್ನು ಬಾರಿಸಿಯೇ ಬಿಟ್ಟೆ. ನಾದ ನೀಟಾಗಿ, ತುಸು ಹರಿದು, ಥೇಟು ಕ್ಯಾಸೆಟ್ಟಿನ ಹಾಗೆ ಬಂತು. ಕಣ್ಣು ತೆರೆದರೆ ಎದುರಿಗೆ ಕಟ್ಟೆ, ಕಟ್ಟೆಯ ತುಂಬ ಹೆಂಗಸರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೈ ನಿಂತುಹೋಯಿತು.

"ಯಾಕ್ ನಿಲ್ಸಿದ್ರಿ ಅಕ್ಕೋರ? ಬಾರ್ಸ್ರಿ," ಎಂದಳು ಎಲೆ ಅಡಿಕೆ ಮೆಲ್ಲುತ್ತಿದ್ದ ಮುದುಕಿ. ನಾನು ತರಗತಿಯಲ್ಲಿ ಕಿವಿ ಹಿಂಡಿದ ಹುಡುಗರ ಅಜ್ಜಿ ಆಕೆ.

ಅವಳ ಪಕ್ಕದಲ್ಲಿದ್ದವಳು, "ಖರೇ ಹೇಳ್ರಿ, ಇದು ಜಗಳಾಡಿದಂಗ ಕೇಳಸ್ತೈತಲ್ರಿ?" ಎಂದಳು.

"ಈ ಹಾಡೇ ಹಂಗವ್ವಾ," ಎಂದೆ.

"ಮತ್ತ ಜೋರಲೇ ಜಗಳಾಡ್ರಿ, ಗಿರಣಿ ಸಪ್ಪಳದಾಗ ಅರ್ಧಾ ಕೇಳಸವಲ್ದು!"

ಕಟ್ಟೆ ಪೂರ್ತಿ ನಕ್ಕಿತು. ಇಷ್ಟು ವರ್ಷ ನಾನು ಹೆದರಿದ್ದು ಈ ನಗುವಿಗೇನಾ? ನನಗೂ ನಗು ಬಂತು, ಜೋರಾಗಿಯೇ ಬಾರಿಸಿದೆ.

ಭಾನುವಾರ ಹುಬ್ಬಳ್ಳಿಗೆ ಹೋಗಲಿಲ್ಲ. ಎರಡು ದಿನ ಕಟ್ಟೆಗೆ ಬೆನ್ನು ಮಾಡಿ ನಿಂತು ನೋಡಿದ್ದುಂಟು, ಹಾಗೆ ನಿಂತರೂ ಗುಂಯ್ ಇರುವುದಿಲ್ಲ. ಆದರೆ ಬೋರ್ಡಿನ ಕಡೆ ತಿರುಗಿದಾಗ ಬೆನ್ನ ಹಿಂದೆ ಏನೇನು ನಡೆಯುತ್ತದೆಂದು ಬಲ್ಲ ಟೀಚರಿಗೆ ಅದು ಸಾಧ್ಯವಿಲ್ಲದ ಕೆಲಸ. ಕಟ್ಟೆಗೇ ಮುಖ ಮಾಡಿದೆ. ಶಾಲೆಯಲ್ಲಿ ಹುಡುಗರು ಡೆಸ್ಕಿನ ಕೆಳಗೆ ಬೆರಳಾಡಿಸಿ ನನ್ನ ಅಣಕ ಮಾಡಿದರು. ಅವರು ಬೆರಳು ಹಿಡಿದ ರೀತಿ ತಪ್ಪಾಗಿತ್ತು, ತಿದ್ದಿದೆ. ಈಗ ಫಜೀತಿ ಎಲ್ಲ ಗಂಡನದು. ಪಾಳಿ ಬಂದರೂ ಯಾರೂ ಕಟ್ಟೆ ಬಿಟ್ಟು ಏಳುವುದಿಲ್ಲ. "ನಂದು ಹಿಂದಗಡೆ ಬೀಸ್ರಿ, ಇದೊಂದು ಮುಗೀಲಿ," ಅನ್ನುತ್ತಾರಂತೆ. ಗೊಣಗುತ್ತಲೇ ಅವರು ನಾನು ನಿಲ್ಲುವ ಮೆಟ್ಟಿಲಿಗೆ ಒಂದು ಕುರ್ಚಿ ತಂದಿಟ್ಟಿದ್ದಾರೆ.

ಅಮಾವಾಸ್ಯೆಗೆ ನಮ್ಮ ಗಿರಣಿಗೆ ರಜೆ. ಮೊನ್ನೆಯ ಅಮಾವಾಸ್ಯೆ ಸಂಜೆ ಮೋಟಾರಿಲ್ಲ, ಗುಂಯ್ ಇಲ್ಲ, ಮೆಟ್ಟಿಲ ಮೇಲೆ ಕೂರುವ ಅಗತ್ಯವೂ ಇಲ್ಲ. ಕುರ್ಚಿಯನ್ನು ಒಳಗೆ ತಂದು ಬಾಗಿಲು ಹಾಕಿಕೊಂಡು, ನಾನು ಮೊದಲು ಬಯಸಿದ್ದ ಹಾಗೆಯೇ ಒಬ್ಬಳೇ ಕೂತು ನುಡಿಸಿದೆ. ನಾದವೇನೋ ಸ್ವಚ್ಛವಾಗಿತ್ತು. ಆದರೂ ಉಪ್ಪು ಹಾಕುವುದನ್ನು ಮರೆತ ಸಾರಿನಂತೆ ಸಪ್ಪೆ ಅನ್ನಿಸಿತು. ಎದ್ದು ಬಾಗಿಲು ತೆರೆದೆ. ಕಟ್ಟೆಯ ಮೇಲೆ ಆ ಮುದುಕಿಯೂ ಇನ್ನಿಬ್ಬರೂ ಕೂತಿದ್ದರು.

"ಇವತ್ತ ಅಮಾಸಿ ಯವ್ವಾ, ಗಿರಣಿ ಬಂದ್ ಐತಿ," ಎಂದೆ.

"ಗೊತ್ತೈತ್ರಿ ಅಕ್ಕೋರ," ಎಂದಳು. ಆಗಲೇ ನಾನು ನೋಡಿದ್ದು, ಅವರ ಹತ್ತಿರ ಬುಟ್ಟಿಯೂ ಇರಲಿಲ್ಲ, ಚೀಲವೂ ಇರಲಿಲ್ಲ. "ಒಳಗ ಕುಂತ್ ಬಾರ್ಸಿದ್ರ ಸರಿ ಕೇಳಸವಲ್ದು. ಕುರ್ಚಿ ಹೊರಗ ತರ್ರಿ."

ಒಳಗೆ ಹೋಗಿ ಕುರ್ಚಿ ಎತ್ತಿಕೊಂಡೆ.