ಎರಡನೇ ದನಿಯ ಕಾಕಾ

ನಮ್ಮ ಸಾಂಗಲಿಯ ಓಣಿಗೆ ಬೆಳಿಗ್ಗೆ ಎರಡು ಗಾಡಿಗಳು ಬರುತ್ತವೆ. ಒಂದು ಕಸದ ಗಾಡಿ. ಅದರ ತಲೆಯ ಮೇಲಿನ ಸ್ಪೀಕರಿನಲ್ಲಿ ಹೆಂಗಸೊಬ್ಬಳು ಸ್ವಚ್ಛತೆಯ ಬಗ್ಗೆ ಮರಾಠಿಯಲ್ಲಿ ಹಾಡುತ್ತಾಳೆ. ಇನ್ನೊಂದು ಉಳ್ಳಾಗಡ್ಡಿ, ಬಟಾಟೆ ಮಾರುವವನ ಟೆಂಪೊ. ಅವನು ಖುದ್ದು ಕೂಗುವುದನ್ನು ಬಿಟ್ಟು ವರ್ಷಗಳಾದವು. ಒಮ್ಮೆ ಕೂಗಿದ್ದನ್ನೇ ಮುದ್ರಿಸಿಕೊಂಡು ಸ್ಪೀಕರಿಗೆ ಒಪ್ಪಿಸಿ, ತಾನು ನೆಮ್ಮದಿಯಿಂದ ತಂಬಾಕು ತಿಕ್ಕುತ್ತ ಕೂತಿರುತ್ತಾನೆ. ಎರಡೂ ಒಟ್ಟಿಗೆ ಬಂದ ದಿನ ಓಣಿಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಮೊನ್ನೆ ಹಾಗೇ ಬಂದವು. ನಾನು ಕಸದ ಬಕೆಟ್ಟು ಹಿಡಿದು ಗೇಟಿನಲ್ಲಿ ನಿಂತಿದ್ದೆ. ಹಾಡುವವಳು ಒಂದು ಸ್ವರ ಎಳೆದಳು. ಅದೇ ಹೊತ್ತಿಗೆ ಉಳ್ಳಾಗಡ್ಡಿಯವನ ಕೂಗು ಅದರ ಕೆಳಗೆ ಬಂದು ಕೂತಿತು. ಒಂದು ಗಳಿಗೆ, ಎರಡೂ ಬೇರೆ ಬೇರೆಯಾಗಿದ್ದುಕೊಂಡೇ ಒಂದಕ್ಕೊಂದು ಒಪ್ಪಿದವು. ನನಗೆ ಮೈ ಜುಮ್ಮೆಂದಿತು. ಅಷ್ಟರಲ್ಲಿ ಕಸದ ಗಾಡಿ ಮುಂದೆ ಹೋಯಿತು. ನಾನು ತುಂಬಿದ ಬಕೆಟ್ಟನ್ನು ತಿರುಗಿ ಮನೆಯೊಳಗೆ ತಂದೆ.

ಎಪ್ಪತ್ತರ ಹೆಂಗಸು ಉಳ್ಳಾಗಡ್ಡಿಯ ಕೂಗಿಗೆ ರೋಮಾಂಚನಗೊಂಡಳೆಂದರೆ ನೀವು ನಗುತ್ತೀರಿ. ನಗಿರಿ. ಆದರೆ ತಪ್ಪು ನನ್ನದಲ್ಲ, ನಮ್ಮ ರಾಚಪ್ಪ ಕಾಕಾನದು.

ರಾಚಪ್ಪ ಕಾಕಾ ನಮ್ಮಪ್ಪನ ತಮ್ಮ. ನಮ್ಮದು ಅರಿಶಿಣದ ವ್ಯಾಪಾರದ ಮನೆತನ. ಪೇಟೆಯಲ್ಲಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ನಮ್ಮ ಅಂಗಿ, ನಮ್ಮ ಪುಸ್ತಕ, ನಮ್ಮ ಕೆಮ್ಮು ಎಲ್ಲವೂ ಹಳದಿ. ಅಂಥ ಮನೆಯಲ್ಲಿ ಕಾಕಾ ಹಾಡು ಕಲಿಯುತ್ತೇನೆಂದು ಹಟ ಹಿಡಿದರು. ಅಜ್ಜ ಬೇಗನೆ ಒಪ್ಪಿದರಂತೆ, ಏಕೆಂದರೆ ಕಾಕಾ ಅಂಗಡಿಯಲ್ಲಿ ಇಲ್ಲದ ದಿನವೇ ವ್ಯಾಪಾರ ಚೆನ್ನಾಗಿ ನಡೆಯುತ್ತಿತ್ತು.

ಹಾಡು ಕಲಿಯಲು ದೂರ ಹೋಗಬೇಕಾಗಿರಲಿಲ್ಲ. ಪಕ್ಕದ ಮಿರಜಕ್ಕೆ ಜನ ಬರುವುದೇ ಎರಡು ಕಾರಣಕ್ಕೆ: ದೇಹದ ರಿಪೇರಿಗೆ, ಇಲ್ಲವೆ ತಂಬೂರಿಯ ರಿಪೇರಿಗೆ. ಅಲ್ಲಿ ಬುವಾ ಎಂದು ಕರೆಸಿಕೊಳ್ಳುವ ಒಬ್ಬ ಹಾಡುಗಾರ ಗುರುಗಳ ಹತ್ತಿರ ಕಾಕಾ ಒಂದು ಮಳೆಗಾಲವಿಡೀ ಕೂತು 'ಸಾ' ಹಚ್ಚಿದರು. ಮಳೆಗಾಲ ಮುಗಿದ ಮೇಲೆ ಬುವಾ ತಂಬೂರಿಯನ್ನು ಗೋಡೆಗೆ ಒರಗಿಸಿ ಹೇಳಿದರಂತೆ:

"ರಾಚಪ್ಪಾ, ನಿನ್ನ ಗಂಟಲಾ ಚಲೋ ಐತಿ. ಆದ್ರ ನಾ ಸಾ ಅಂದ್ರ ನೀ ಬಾಜೂಕ ಹೋಗಿ ನಿಂದರತೀ. ಅಲ್ಲೆ ಮಾತ್ರ ಗಟ್ಟ್ಯಾಗಿ ನಿಂದರತೀ ನೋಡು, ಅದಽ ತೊಂದರಿ."

ಬೇರೆಯವರಾಗಿದ್ದರೆ ಅರಿಶಿಣಕ್ಕೆ ಮರಳುತ್ತಿದ್ದರು. ಕಾಕಾ ಸಾಲೋಮನ್ ಮಾಸ್ತರರ ಮನೆಗೆ ಹೋದರು. ಮಾಸ್ತರರು ಮಿರಜದ ಒಂದು ಶಾಲೆಯಲ್ಲಿ ಪಾಠ ಹೇಳುತ್ತಿದ್ದರು, ರವಿವಾರ ಚರ್ಚಿನಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು. ತಮ್ಮ ದೇಶಕ್ಕೆ ಮರಳಿದ ಪರದೇಶದ ಡಾಕ್ಟರೊಬ್ಬರು ಅವರಿಗೆ ಕೈಯಿಂದ ತಿರುವುವ ಗ್ರಾಮೊಫೋನನ್ನೂ ಕೆಲವು ರೆಕಾರ್ಡುಗಳನ್ನೂ ಕೊಟ್ಟು ಹೋಗಿದ್ದರು. ಅದರಲ್ಲಿ ಒಂದು ರೆಕಾರ್ಡಿನಲ್ಲಿ ನಾಲ್ಕು ಮಂದಿ ಗಂಡಸರು ಹಾಡುತ್ತಿದ್ದರು. ನಾಲ್ಕು ಮಂದಿ, ನಾಲ್ಕು ಸ್ವರ, ಒಂದೇ ಹೊತ್ತಿಗೆ, ಯಾರೂ ಯಾರ ಕ್ಷಮೆಯನ್ನೂ ಕೇಳದೆ.

ಕಾಕಾ ಕಿವಿಯನ್ನು ಗ್ರಾಮೊಫೋನಿಗೆ ತಾಗಿಸಿ ಕೇಳಿದರಂತೆ. "ಮಾಸ್ತರ, ಈ ನಡುವಿನಾಂವ ಸಾ ಬಿಟ್ಟು ಬಾಜೂಕ ಹೊಂಟಾನಲ್ರೀ?"

"ಹೌದಪಾ. ಅಂವಂದು ಅದಽ ಕೆಲಸಾ."

"ಯಾರೂ ಬೈಯಂಗಿಲ್ಲೇನ್ರಿ?"

"ಅದಕ್ಕಽ ಚಪ್ಪಾಳಿ ಹೊಡೀತಾರ."

ಕಾಕಾನ ಬಾಳಿನಲ್ಲಿ ಇದಕ್ಕಿಂತ ದೊಡ್ಡ ಸಮಾಧಾನದ ಮಾತನ್ನು ಯಾರೂ ಆಡಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಒಂದು ಮೇಳ ಕಟ್ಟಿದರು. ಮೇಲಿನ ದನಿ, ಎಂದರೆ ಹಾಡಿನ ಮುಖ್ಯ ಎಳೆ, ಮಾಸ್ತರರದು. ಎರಡನೆಯದು ಕಾಕಾನದು. ಮೂರನೆಯದು ಸಿತಾರ್ ಮಾಡುವ ಮನೆಯ ಹುಸೇನನದು. ತಳದ ದನಿಗೆ ಮಾತ್ರ ಯಾರೂ ಸಿಗಲಿಲ್ಲ. ಒಂದು ದಿನ ಕವಲಾಪುರದ ಮಾಯಪ್ಪನೆಂಬ ಕುರಿಗಾರ ತಾಯಿಯ ಔಷಧಿಗೆಂದು ಮಿರಜಕ್ಕೆ ಬಂದವನು ಔಷಧಿ ಅಂಗಡಿಯಲ್ಲಿ ಮಾತಾಡಿದ್ದಕ್ಕೆ ಕಪಾಟಿನ ಬಾಟಲಿಗಳು ನಡುಗಿದವಂತೆ. ಕಾಕಾ ಅವನ ಬೆನ್ನು ಹತ್ತಿದರು. ಮಾಯಪ್ಪನಿಗೆ ಸಂಗೀತ ಬೇಕಾಗಿರಲಿಲ್ಲ, ಚಹಾ ಬೇಕಾಗಿತ್ತು. ಚಹಾ ಕೊಟ್ಟರೆ ಎಷ್ಟು ಹೊತ್ತಾದರೂ 'ಡುಮ್' ಎನ್ನಲು ತಯಾರಿದ್ದ.

ರೆಕಾರ್ಡಿನ ಮಾತುಗಳು ಯಾರಿಗೂ ಅರ್ಥವಾಗದ ಕಾರಣ ಕಾಕಾ ಆ ಧಾಟಿಗೆ ತಾವೇ ಕನ್ನಡ ಪದ ಕಟ್ಟಿದರು. ಮೇಲಿನ ದನಿ ಹೀಗೆ:

ಕೃಷ್ಣಿ ದಂಡೀಗೆ ಚಂದಿರ ಬಂದ,
ನನ್ನ ಮನೀಗ್ಯಾವಾಗ ಬಂದಾನ?

ಇದರ ಕೆಳಗೆ ಕಾಕಾನ ಪಾಲಿಗೆ ಬಂದದ್ದು ಇಷ್ಟೇ: "ಬಂದ… ಬಂದ… ಯಾವಾಗ? ಬಂದ…" ಅದೂ ಎರಡೇ ಸ್ವರಗಳಲ್ಲಿ, ನಡುನಡುವೆ ಉದ್ದನೆಯ ಮೌನ. ಆದರೆ ಕಾಕಾ ಅದನ್ನು ಬಿಟ್ಟು ಬೇರೆಯದನ್ನು ಹಾಡುತ್ತಿರಲಿಲ್ಲ. ಮೇಲಿನ ದನಿ ಹಾಡಿ ತೋರಿಸಿ ಎಂದರೆ, "ಅದು ಮಾಸ್ತರರದು" ಎನ್ನುತ್ತಿದ್ದರು, ಬೇರೆಯವರ ಚಪ್ಪಲಿ ಮೆಟ್ಟಿಕೊಳ್ಳಲು ಹೇಳಿದಂತೆ.

ಈ ನಿಷ್ಠೆಯೊಂದಿಗೆ ಅವರು ಸಮಡೋಳಿಗೆ ಕನ್ಯೆ ನೋಡಲು ಹೋದರು. ನಾನೂ ಅವ್ವನ ತೊಡೆಯ ಮೇಲಿದ್ದೆನಂತೆ. ಅವ್ವ ಇದನ್ನು ಎಷ್ಟು ಸಲ ಹೇಳಿದ್ದಾಳೆಂದರೆ ನಾನು ನೋಡಿದ್ದೆಷ್ಟು, ಕೇಳಿದ್ದೆಷ್ಟು ಈಗ ಗೊತ್ತಾಗುವುದಿಲ್ಲ. ಅವಲಕ್ಕಿ ಆಯಿತು, ಚಹಾ ಆಯಿತು. ಕನ್ಯೆಯ ತಂದೆ, "ಹುಡುಗ ಹಾಡತಾನಂತ ಕೇಳೇವ್ರಿ, ಒಂದು ಪದಾ ಆಗ್ಲಿ" ಎಂದರು. ಕಾಕಾ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗಂಭೀರವಾಗಿ, "ಬಂದ…" ಎಂದರು.

ಕನ್ಯೆಯ ತಂದೆ ಬಾಗಿಲ ಕಡೆ ನೋಡಿದರು.

"ಬಂದ…"

"ಯಾರ್ರೀ?" ಎಂದು ಅವರು ಎದ್ದೇ ನಿಂತರು. "ಏ, ಹೊರಗ ಯಾರ್ ಬಂದಾರ ನೋಡ್ರೋ!"

"ಯಾವಾಗ?" ಎಂದು ಕಾಕಾ ಹಾಡಿದರು.

ಪದ ಮುಗಿಯಿತು. ಹುಡುಗನಿಗೆ ತಲೆ ಸರಿ ಇಲ್ಲ ಎಂದು ಹಿರಿಯರೆಲ್ಲ ಮನಸ್ಸಿನಲ್ಲೇ ನಿರ್ಧರಿಸಿಯಾಗಿತ್ತು. ಅಷ್ಟರಲ್ಲಿ, ತಲೆ ಬಗ್ಗಿಸಿ ಕೂತಿದ್ದ ಕನ್ಯೆ ಬಾಯಿ ಬಿಟ್ಟಳು: "ಉಳಿದ ಹಾಡು ಎಲ್ಲಿ ಐತ್ರಿ?"

ಕಾಕಾ ಕಣ್ಣು ತೆರೆದು ಮೊದಲ ಸಲ ಅವಳನ್ನು ನೋಡಿದರು. "ಮಿರಜದಾಗ ಐತಿ" ಎಂದರು.

ಗೌರಕ್ಕ ಕಾಕು ನಮ್ಮ ಮನೆಗೆ ಬಂದದ್ದು ಹೀಗೆ. ಉಳಿದ ಹಾಡನ್ನು ನೋಡಲೆಂದೇ ಒಪ್ಪಿಕೊಂಡೆ ಎಂದು ಅವರು ಆಮೇಲೆ ನಗುತ್ತಿದ್ದರು.

ನೋಡಿದರು ಕೂಡ. ಮಿರಜದಲ್ಲಿ ಒಂದು ಸಂಜೆ ಸಂಗೀತದ ಬೈಠಕ್ ಇತ್ತು. ದೊಡ್ಡ ಗಾಯಕರು ಬರಬೇಕಾದ ರೈಲು ತಡವಾಯಿತು. ಸಭೆಯನ್ನು ಹಿಡಿದಿಡಲು ಯಾರೋ ಕಾಕಾನ ಮೇಳವನ್ನು ಕೂರಿಸಿದರು. ಎದುರಿಗೆ ಕೂತವರೆಲ್ಲ ಕೂದಲೆಳೆಯಷ್ಟು ಸ್ವರ ತಪ್ಪಿದರೂ ಹಲ್ಲುನೋವು ಬಂದವರಂತೆ ಮುಖ ಹಿಂಡುವವರು. ನಾಲ್ವರೂ ಬಾಯಿ ತೆರೆದರು. ಮುಂದಿನ ಸಾಲಿನ ಒಬ್ಬ ಹಿರಿಯರು ಕೈ ಎತ್ತಿ ತಡೆದರು.

"ಮೊದಲ ನಾಲ್ಕೂ ಮಂದಿ ಕೂಡಿ ಒಂದು ಸುರಕ್ಕ ಬರ್ರಿ. ಗಡಿಬಿಡಿ ಇಲ್ಲ."

ಉತ್ತರ ಕೊಟ್ಟವನು ಮಾಯಪ್ಪ: "ಬ್ಯಾರೆ ಬ್ಯಾರೆನಽ ಇರಬೇಕಂತ್ರಿ ಅಜ್ಜಾರ. ನಂಗೂ ಭಾಳ ದಿನ ತಿಳಿದಿದ್ದಿಲ್ಲ."

ಹಿರಿಯರು ಒಳ್ಳೆಯವರು. ಎದ್ದು ಬಂದು ತಾವೇ ತಂಬೂರಿ ಸರಿಮಾಡಿ ಕೊಟ್ಟು ಹೋದರು. ಮೇಳ ಮತ್ತೆ ಹಾಡಿತು. ಸಭೆ ದಯೆಯಿಂದ ಕಾಯಿತು: ಪಾಪ, ಇನ್ನೂ ಸುರ್ ಕೂಡಿಸಿಕೊಳ್ಳುತ್ತಿದ್ದಾರೆ ಎಂದು. ಹಾಡು ಮುಗಿಯಿತು. ಸಭೆ ಹಾಡು ಶುರುವಾಗಲಿ ಎಂದು ಕಾಯುತ್ತಲೇ ಇತ್ತು. ಹೆಂಗಸರ ಕಡೆಯಿಂದ ಒಂದೇ ಒಂದು ಜೋಡಿ ಕೈ ಚಪ್ಪಾಳೆ ತಟ್ಟಿತು, ಅದನ್ನೂ ಕಾಕುವಿನ ಅತ್ತೆ ಹಿಡಿದು ನಿಲ್ಲಿಸಿದರು.

ಮೇಳ ಮತ್ತೆ ಎಲ್ಲೂ ಹಾಡಲಿಲ್ಲ. ಹುಸೇನ ಮುಂಬೈಗೆ ಹೋದ. ಮಾಯಪ್ಪ ಕುರಿಗಳ ಹಿಂದೆ ಹೋದ. ಅವುಗಳಿಗೆ ಅವನ ದನಿಯ ಬಗ್ಗೆ ದೂರಿರಲಿಲ್ಲ. ಮಾಸ್ತರರಿಗೆ ಸೋಲಾಪುರಕ್ಕೆ ವರ್ಗವಾಯಿತು. ಅವರು ಹೊರಡುವ ದಿನ ಕಾಕು ಅವರನ್ನು ಊಟಕ್ಕೆ ಕರೆದು, ಹೋಳಿಗೆ ಬಡಿಸಿ, ಮೇಲಿನ ದನಿಯನ್ನು ಕಲಿತುಕೊಂಡರು.

ಕಾಕಾ ಮಿರಜದಲ್ಲೇ, ತಂತಿವಾದ್ಯ ಮಾಡುವವರ ಓಣಿಯಲ್ಲಿ, ಮನೆ ಮಾಡಿ ಸಣ್ಣ ಕಿರಾಣಿ ಅಂಗಡಿ ಇಟ್ಟರು. ನಾನು ಕಾಲೇಜಿಗೆಂದು ಅವರ ಮನೆಯಲ್ಲಿದ್ದೆ. ಆಗ ಕೇಳಿದ್ದು ಇದನ್ನೆಲ್ಲ. ಕಾಕು ರೊಟ್ಟಿ ಬಡಿಯುತ್ತ ಅಡುಗೆಮನೆಯಿಂದ "ಕೃಷ್ಣಿ ದಂಡೀಗೆ" ಎನ್ನುವರು. ಹೊರಗಿನ ಕೋಣೆಯಿಂದ ಕಾಕಾ "ಬಂದ…" ಎನ್ನುವರು. ನಾನು ಓದು ಬಿಟ್ಟು ಎಷ್ಟು ಸಲ ಹೋಗಿ ಬಾಗಿಲು ತೆರೆದಿದ್ದೇನೋ. ಜಗಳವಾದ ದಿನ ಕಾಕು ಹಾಡುತ್ತಿರಲಿಲ್ಲ. ಆಗ ಕಾಕಾ ಒಬ್ಬರೇ, ನಡುವಿನ ಮೌನಗಳನ್ನೂ ಬಿಡದೆ, "ಬಂದ… ಬಂದ…" ಎಂದು ಅರ್ಜಿ ಹಾಕುತ್ತಲೇ ಇರುತ್ತಿದ್ದರು. ಸಂಜೆಯೊಳಗೆ ಒಳಗಿನಿಂದ ಚಂದಿರ ಬಂದೇ ಬರುತ್ತಿದ್ದ. ನನಗೆ ಇದೊಂದು ಹಾಡೆಂದು ಅನಿಸಿರಲೇ ಇಲ್ಲ. ಸಂಸಾರದ ಸದ್ದು ಎಂದುಕೊಂಡಿದ್ದೆ.

ಹೋದ ವರ್ಷ ಕಾಕು ತೀರಿಕೊಂಡರು. ಕಾಕಾನಿಗೆ ತೊಂಬತ್ತು ದಾಟಿದೆ. ಕುಪವಾಡದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವರ ಮಗ ಮಹಾದೇವ ಆಗಾಗ ಫೋನು ಮಾಡುತ್ತಿದ್ದ: "ಅಕ್ಕಾ, ಅಪ್ಪಾ ಮಾತಾಡೂದಽ ಬಿಟ್ಟಾರ. ತಾಟ ಮುಂದಿಟ್ರ ಎರಡು ತುತ್ತು, ಮುಗೀತು. ನೀ ಒಮ್ಮೆ ಬಾ." ಕಸದ ಬಕೆಟ್ಟು ಒಳಗೆ ತಂದ ದಿನವೇ ನಾನು ಹೊರಟೆ. ಮೊಮ್ಮಗಳು ರೇವಾ ಜೊತೆಗೆ ಬಂದಳು. ಅವಳಿಗೆ ಕನ್ನಡ ಅರ್ಧಂಬರ್ಧ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. ಬಸ್ಸಿನಲ್ಲಿ ಅವಳಿಗೆ ಈ ಕಥೆ ಹೇಳಿದೆ. ಧಾಟಿ ಗುನುಗಿದರೆ ಮೊಬೈಲು ಹಾಡು ಹುಡುಕುತ್ತದೆ ಎಂದಳು. ನಾನು ಗುನುಗಿದೆ. ಮೊಬೈಲು ಒಂದು ಭಜನೆಯನ್ನೂ ಒಂದು ಟೂತ್‌ಪೇಸ್ಟಿನ ಜಾಹೀರಾತನ್ನೂ ತೋರಿಸಿತು. ನಾನು ಹಾಡಿದ್ದನ್ನು ತಿದ್ದಿ ರೇವಾ ಗುನುಗಿದಳು. ಆಗ ಆ ನಾಲ್ವರು ಸಿಕ್ಕರು.

ಕಾಕಾ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. "ಹೆಂಗಿದ್ದೀರಿ ಕಾಕಾ?" ಎಂದರೆ ತಲೆ ಅಲ್ಲಾಡಿಸಿದರು. ರೇವಾ ಅವರ ಪಕ್ಕ ಕೂತು ಮೊಬೈಲು ಕಿವಿಯ ಹತ್ತಿರ ಹಿಡಿದಳು. ನಾಲ್ಕು ದನಿಗಳು ಲಗುಬಗೆಯಿಂದ, ಖುಷಿಯಿಂದ ಎದ್ದವು. ಕಾಕಾನ ಹುಬ್ಬು ಗಂಟಿಕ್ಕಿತು. ಹಾಡು ಪೂರ್ತಿ ಕೇಳಿದರು. ಬಹಳ ದಿನಗಳ ಮೇಲೆ ಅವರ ಬಾಯಿಂದ ಮಾತು ಹೊರಟಿತು:

"ಇವರು ತಪ್ಪು ಹಾಡಾಕತ್ತಾರ."

"ಆಜಿ, ಕಾಯ್ ಮ್ಹಣಾಲೆ?" ಎಂದು ರೇವಾ ಕೇಳಿದಳು, ಏನಂದರು ಎಂದು. ಹೇಳಿದೆ. ಅವಳು ಬಾಯಿ ತೆರೆದು ಕೂತಳು.

"ಕಾಕಾ, ಮೂಲ ಹಾಡಽ ಇದ್ರಿ. ನಿಮ್ಮ ರೆಕಾರ್ಡಿನಾವ್ರಽ ಇವರು."

"ಇರ್ಲಿ. ಇಷ್ಟ್ಯಾಕ ಓಡ್ತಾರ? ಗಾಡಿ ತಪ್ತೈತೇನ ಇವರದು?"

ಆಮೇಲೆ ತಿಳಿಯಿತು. ಮಾಸ್ತರರ ಗ್ರಾಮೊಫೋನಿನ ಸ್ಪ್ರಿಂಗು ಸೋತು ನಿಧಾನ ತಿರುಗುತ್ತಿತ್ತು. ಮೇಳ ಅದನ್ನೇ ನಂಬಿ ಕಲಿತಿತ್ತು. ಆ ನಾಲ್ವರು ಕುಣಿಯಲೆಂದು ಹಾಡಿದ್ದನ್ನು ನಮ್ಮವರು ಅರ್ಧ ಶತಮಾನಕ್ಕೂ ಮೀರಿ ವಿರಹವೆಂದು ಹಾಡಿದ್ದರು.

"ನೀ ಹೇಳು," ಎಂದರು ಕಾಕಾ ನನಗೆ. "ಅಕೀದು."

ನಾನು ಹಾಡುವವಳಲ್ಲ, ಮೊಬೈಲಿಗೂ ಅದು ಗೊತ್ತಾಗಿತ್ತು. ಆದರೂ ರೊಟ್ಟಿಯ ಸದ್ದನ್ನು ನೆನೆದು "ಕೃಷ್ಣಿ ದಂಡೀಗೆ" ಎಂದೆ. ಕಾಕಾ "ಬಂದ…" ಎಂದು ಸೇರಿದರು. ಅವರ ದನಿ ಕೇಳಿದ್ದೇ ತಡ, ನಾನು ಜಾರಿ ಅವರ ಸ್ವರಕ್ಕೇ ಹೋಗಿ ಬಿದ್ದೆ. ಅವರು ಹಾಡು ನಿಲ್ಲಿಸಿದರು.

"ಇಲ್ಲಿ ಯಾಕ ಬರ್ತೀ? ನಿನ್ನ ಜಾಗಾದಾಗ ನೀ ನಿಂದರು. ಏನೂ ಆಗಂಗಿಲ್ಲ."

ಮತ್ತೆ ಹಾಡಿದೆ. ಮತ್ತೆ ಬಿದ್ದೆ. ಮತ್ತೆ ಬೈಗುಳ. ಬಾಗಿಲಲ್ಲಿ ನಿಂತ ಮಹಾದೇವ, ಅಪ್ಪ ಬೈಯುತ್ತಿದ್ದಾರೆಂಬ ಸಂತೋಷಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದ. ಕೊನೆಗೆ ನಾನು ಕುರ್ಚಿಯ ಹಿಡಿಯನ್ನು ಬಿಗಿಯಾಗಿ ಹಿಡಿದು, ಹೊಳೆಯಲ್ಲಿ ಸೆಳೆತಕ್ಕೆ ನಿಂತವಳ ಹಾಗೆ, ನನ್ನ ಸ್ವರದಲ್ಲಿ ನಿಂತೆ. ಕೆಳಗೆ ಕಾಕಾ ಬಂದರು. ಬಂದು, ಪಕ್ಕದಲ್ಲಿ ನಿಂತರು. ಎದೆಯೊಳಗೆ ಏನೋ ತೆಳ್ಳಗೆ ನಡುಗಿತು. ಕಾಕು ಅಷ್ಟು ವರ್ಷ ರೊಟ್ಟಿ ಬಡಿಯುತ್ತ ಕೇಳುತ್ತಿದ್ದುದು ಇದನ್ನು.

"ಮುಂದಿನ ನುಡಿ," ಎಂದರು ಕಾಕಾ.

"ಬರಂಗಿಲ್ರಿ. ಕಾಕು ಅಲ್ಲೇ ನಿಲ್ಲಸ್ತಿದ್ರು."

"ಅಕೀಗೂ ಬರ್ತಿದ್ದಿಲ್ಲ. ಮಾಸ್ತರಗ ಹೋಳಗಿ ಹೆಚ್ಚಿಗಿ ಹಾಕಿದ್ಲು. ಒಂದು ನುಡಿ ಕಲಿಸಿ ಮಲಕೊಂಡ್ರು. ಎದ್ದಾಗ ಗಾಡಿ ಹೊತ್ತಾಗಿತ್ತು."

"ನೀವಽ ಕಲಸಬೇಕಿಲ್ಲೇನ್ರಿ?"

ಕಾಕಾ ಕಿಟಕಿಯ ಆಚೆ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಬಾಳಿನಲ್ಲಿ ಮೊದಲ ಸಲ, ಮೇಲಿನ ದನಿಯನ್ನು ಹಾಡಿದರು:

ಬೆಳದಿಂಗಳ ಹಾಸಿ ಕುಂತೇನಿ, ಬಾರೊ,
ಅರ್ಧಾ ಹಾಡು ನಿನಗಿಟ್ಟೇನಿ.

ದನಿ ಹರಿದಿತ್ತು. ಎತ್ತರದ ಸ್ವರ ಬಂದಾಗ, ಮುದುಕರು ಸ್ಟೂಲು ಹತ್ತಿದರೆ ಮನೆಮಂದಿಯೆಲ್ಲ ಹೇಗೆ ಕೈ ಚಾಚುತ್ತಾರೋ ಹಾಗೆ ನಾವು ಮೂವರೂ ಉಸಿರು ಹಿಡಿದೆವು. ಹತ್ತಿ ಇಳಿದರು. "ತಿಳೀತ? ಈಗ ನೀನು" ಎಂದರು.

ಈಗ ವಾರಕ್ಕೊಮ್ಮೆ ಮಿರಜಕ್ಕೆ ಹೋಗುತ್ತೇನೆ. ಎಪ್ಪತ್ತಕ್ಕೆ ನನ್ನ ಸಂಗೀತಾಭ್ಯಾಸ ಶುರುವಾಗಿದೆ; ಬೈಗುಳ ತಿಂದು ಬಂದ ದಿನ ನಿದ್ದೆ ಚೆನ್ನಾಗಿ ಬರುತ್ತದೆ. ಕಾಕಾ ಊಟ ಮಾಡುತ್ತಾರೆ, ಏಕೆಂದರೆ ಹಸಿದ ಹೊಟ್ಟೆಯಲ್ಲಿ ಬೈಯಲಾಗುವುದಿಲ್ಲ. ರೇವಾ ತಳದ ದನಿ ಹಿಡಿದಿದ್ದಾಳೆ. ನಾವು ಮೂವರೂ ಬಾಯಿ ತೆರೆದರೆ ಸಾಕು, ಎದುರಿನ ಅಂಗಡಿಯಲ್ಲಿ ಸಿತಾರಿನ ತಂತಿ ಬಿಗಿಯುತ್ತಿರುವವನು ಕೆಲಸ ನಿಲ್ಲಿಸಿ, ಹಾಡು ಮುಗಿಯುವ ತನಕ ಕೈಕಟ್ಟಿ ಕೂತಿರುತ್ತಾನೆ. ಗೌರವದಿಂದ ಎಂದು ನಾನು ತಿಳಿದುಕೊಂಡಿದ್ದೇನೆ. ಕೇಳಲು ಹೋಗಿಲ್ಲ.