ಕಾಳಮ್ಮನ ಕೆಂಡದ ಕಡೇ ತುಂಡು

ಕಳೆದ ಭಾನುವಾರ ನಂಜನಗೂಡಿನಿಂದ ನರಸೀಪುರಕ್ಕೆ ಹೊರಟ ಬಸ್ಸು ತನ್ನ ಸ್ಟಾಪನ್ನೇ ಮರೆತು ಮುಂದೆ ಹೋಯಿತು. ನಗಬೇಡಿ, ತಪ್ಪು ಡ್ರೈವರನದಲ್ಲ. ಆ ಸ್ಟಾಪಿಗೆ ಬೋರ್ಡಿಲ್ಲ, ತಂಗುದಾಣವಿಲ್ಲ. ಇದ್ದದ್ದು ಒಂದು ವಾಸನೆ ಮಾತ್ರ. ಬನ್ನೂರು ಕುರಿಯ ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಚುರ್ ಎಂದು ಏಳುವ ಹೊಗೆ ಕಿಟಕಿಯೊಳಗೆ ನುಗ್ಗಿದರೆ ಡ್ರೈವರ್ ಬ್ರೇಕ್ ಒತ್ತುತ್ತಿದ್ದ, ಇಳಿಯುವವರು ಟವೆಲ್ಲು ಕೊಡವಿ ಏಳುತ್ತಿದ್ದರು. ಈ ರಸ್ತೆಯ ಎಲ್ಲ ಡ್ರೈವರುಗಳಿಗೂ ಇದೇ ಪಾಠವಾಗಿತ್ತು. ಅವತ್ತು ಹೊಗೆ ಬರಲಿಲ್ಲ. ಕಬ್ಬಿನ ಗದ್ದೆ ದಾಟಿತು, ನಾಲೆ ದಾಟಿತು, ಆಮೇಲೆ ಹಿಂದಿನ ಸೀಟಿನಿಂದ ಯಾರೋ "ಲೇ, ಕಾಳಮ್ಮನ್ ಕೆಂಡ ಎತ್ಲಾಗ್ ಓಯ್ತು?" ಎಂದಾಗಲೇ ಬಸ್ಸಿಗೆ ಎಚ್ಚರವಾದದ್ದು.

ಕಂಡಕ್ಟರ್ ನನ್ನನ್ನೇ ಗದರಿದ. "ನಿಮ್ಗಾದ್ರೂ ಮೂಗ್ ಬ್ಯಾಡ್ವಾ ಸಾ?"

ಮೂಗು ಇತ್ತು. ಆದರೆ ಅದರ ಕೆಳಗಿನ ಬಾಯಿಗೆ ಒಂದು ದೊಡ್ಡ ಕೆಲಸ ಕಾದಿತ್ತು. ನನ್ನ ಪಕ್ಕದಲ್ಲಿ ಕೂತಿದ್ದವನು ಪ್ರಸಾದ್, ನಂಜನಗೂಡಿನ ಹುಡುಗ. ತಾಂಡ್ಯದ ಫ್ಯಾಕ್ಟರಿಯಲ್ಲಿ ನನ್ನ ಮಗಳು ರಮ್ಯಾಳ ಜೊತೆ ಕೆಲಸ. ಇಬ್ಬರೂ ಮದುವೆ ನಿಶ್ಚಯಿಸಿಕೊಂಡು, ನನ್ನ ಒಪ್ಪಿಗೆ ಎಂಬ ಒಂದೇ ಒಂದು ವಸ್ತುವಿಗೆ ಕಾಯುತ್ತಿದ್ದರು. ಅವರದು ಲಿಂಗ ಕಟ್ಟುವ ಮನೆ. ಮೊಟ್ಟೆಯ ಸಿಪ್ಪೆಯೂ ಹೊಸಿಲು ದಾಟಿಲ್ಲ. ನಮ್ಮದು ಕುರಿಯ ಲೆಕ್ಕದಲ್ಲಿ ಸಂಭ್ರಮ ಅಳೆಯುವ ಮನೆ. ಬೆಳಿಗ್ಗೆ ಹೊರಡುವಾಗ ರಮ್ಯಾ ನನ್ನ ಅಂಗಿಯ ಕಾಲರ್ ಸರಿಮಾಡುತ್ತಾ, "ಇವತ್ತು ಹೂಂ ಅಥವಾ ಊಹೂಂ ಹೇಳ್ಬಿಡಪ್ಪ, ಸಾಕಾಗ್ಯದೆ" ಎಂದಿದ್ದಳು.

ಹೂಂ ಅನ್ನಲು ನನಗೇನು ಕಷ್ಟ ಅಂತೀರಾ? ನಮ್ಮ ದೊಡ್ಡಪ್ಪನ ಮಗ ಬೋರಣ್ಣ, "ಬೀಗ್ರೂಟದಲ್ಲಿ ಅಳಿಮಯ್ಯ ಮಜ್ಗೆ ಕುಡ್ಕಂಡ್ ಕುಂತ್ಕಂಡ್ರೆ ಊರೋರ್ ಏನಂದಾರು ಕಣ್ಲಾ?" ಎಂದು ಮದುವೆಯಾದ ಮೇಲಿನ ಬಾಡೂಟವನ್ನು ನೆನಪಿಸಿ ತಲೆಗೆ ಹುಳ ಬಿಟ್ಟಿದ್ದ. ಊರವರ ಮಾತು ಹಾಳಾಗಲಿ. ನನ್ನ ಭಯ ಬೇರೆ. ನಮ್ಮ ಮನೆಯಲ್ಲಿ ಉಣ್ಣಲು ಹಿಂಜರಿಯುವ ಅಳಿಯ ಯಾವಾಗಲೂ ನೆಂಟನಾಗಿಯೇ ಉಳಿಯುತ್ತಾನೆ. ಅವನ ಹಿಂದೆ ಬರುವ ನನ್ನ ಮಗಳೂ ಚೀಲ ಹಿಡಿದು ಬಂದು ಚೀಲ ಹಿಡಿದು ಹೋಗುವ ನೆಂಟಳಾಗುತ್ತಾಳೆ. ಅದನ್ನು ನೆನೆದರೆ ನನಗೆ ಅಳುವೇ ಬರುತ್ತಿತ್ತು.

ಅದಕ್ಕೇ ಅವನನ್ನು ಕರೆದುಕೊಂಡು ಹೊರಟದ್ದು, ಕಾಳಮ್ಮನ ಸುಟ್ಟ ಬಾಡಿನ ಅಂಗಡಿಯ ಬೆಂಚಿಗೆ. ನನ್ನ ಮಾವನೂ ನನ್ನನ್ನು ಇದೇ ಬಸ್ಸಿನ ದಾರಿಯಲ್ಲಿ ಇದೇ ಬೆಂಚಿಗೆ ಕರೆತಂದಿದ್ದರು. ಆಗ ಕಾಳಮ್ಮ ಹೊಸ ಹುರುಪಿನ ಹೆಂಗಸು, ಬೀಸಣಿಗೆ ಬೀಸಿದರೆ ಕೆಂಡದ ಜೊತೆ ಗಿರಾಕಿಗಳೂ ಕೆಂಪಾಗುತ್ತಿದ್ದರು. ಆ ಬೆಂಚಿಗೆ ಒಂದು ಮರ್ಯಾದೆಯಿತ್ತು. ಕಂಬಿಗೆ ಪೋಣಿಸಿದ ತುಂಡುಗಳಲ್ಲಿ ಕಡೆಯದಕ್ಕೆ ನೆಂಟರಾದವರು ಕೈ ಹಾಕುವಂತಿಲ್ಲ. "ನೀವ್ ತಕಳಿ" "ಇಲ್ಲಿಲ್ಲ, ನೀವ್ ತಕಳಿ" ಎಂದು ಉಪಚಾರ ನಡೆದು, ತುಂಡು ತಣ್ಣಗಾಗಿ, ಕೊನೆಗೆ ನಾಯಿಯ ಪಾಲಾಗುತ್ತಿತ್ತು. ನರಸೀಪುರದ ನಾಯಿಗಳೆಲ್ಲ ಅಲ್ಲಿ ಸಂಸಾರ ಹೂಡಿದ್ದು ಸುಮ್ಮನೆ ಅಲ್ಲ. ನಾನೋ, ಹೆಣ್ಣು ಸಿಗುತ್ತದೋ ಇಲ್ಲವೋ ಎಂಬ ಗಾಬರಿಯಲ್ಲಿ ಏನು ತಿನ್ನುತ್ತಿದ್ದೇನೆಂದೇ ತಿಳಿಯದೆ ಕಡೇ ತುಂಡನ್ನೂ ಎತ್ತಿ ಬಾಯಿಗೆ ಹಾಕಿಕೊಂಡೆ. ಸಂಬಂಧ ಮುರಿಯಿತು ಅಂದುಕೊಂಡೆ. ಮಾವ ನಿಧಾನವಾಗಿ ಕೈ ತೊಳೆದು ಬಂದು, "ಇವ ನೆಂಟ ಅಲ್ಲ ಕಣಮ್ಮಿ ಕಾಳಿ, ಮನೆ ಮಗ. ಕೊಟ್ಬುಡ್ತೀನಿ ನಮ್ ಮಗೀನ" ಎಂದರು.

ಇರಲಿ, ಬಸ್ಸಿಳಿದು ಹಿಂದಕ್ಕೆ ನಡೆದೆವು. ನಾಲೆಯ ಹತ್ತಿರ ಪ್ರಸಾದ್ ಗಕ್ಕನೆ ನಿಂತ. "ಸರ್, ಮುಂಚೆನೇ ಹೇಳ್ಬಿಡ್ತೀನಿ. ನಾನ್ ತಿನ್ನಲ್ಲ. ಬೀಗರೂಟದಲ್ಲಿ ಬೇಕಾದ್ರೆ ನಾನೇ ಬಕೆಟ್ ಹಿಡ್ದು ಬಡಿಸ್ತೀನಿ."

ಹುಡುಗ ಸಾಚಾ ಎನಿಸಿತು. ಆದರೆ ಬಡಿಸುವವನೂ ಬೆಂಚಿನ ಹೊರಗೇ ಅಲ್ಲವೇ? ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ಅಂಗಡಿಯ ಮುಂದೆ ನೋಡಿದರೆ ತಡಿಕೆ ಬಿಚ್ಚಿತ್ತು. ಕಂಬಿಗಳು ಗುಜರಿಗೆ ಹೋಗಿದ್ದವು. ಕಾಳಮ್ಮ ಗಿರಾಕಿಗಳ ಬೆಂಚಿನ ಮೇಲೆ ಕಾಲು ಚಾಚಿ ಮಹಾರಾಣಿಯ ಹಾಗೆ ಕೂತಿದ್ದಳು.

"ಇದೇನ್ ಕಾಳಮ್ಮ, ಏನಾಯ್ತು?"

"ಏನೂ ಆಗಿಲ್ಲ ಕಣ್ರಪ್ಪ. ನೆನ್ನೆ ಒಲೆ ಮುಂದೆ ನಿಂತಿದ್ದೋಳು, ನಾನೂ ಒಂದ್ಸಲ ಕುಂತ್ಕಂಡ್ ಉಣ್ಬೇಕು ಅನ್ನುಸ್ತು. ಮುಚ್ಬುಟ್ಟೆ." ಆಮೇಲೆ ಪ್ರಸಾದನನ್ನು ಮೇಲಿಂದ ಕೆಳಗೆ ನೋಡಿ, "ಇದ್ಯಾರು, ಪರೀಕ್ಷೆಗೆ ಬಂದಿರೋ ಗಂಡಾ? ಉಪಾಸ ಕಳ್ಸಕ್ಕಾದದಾ, ತಡೀರಿ" ಎಂದಳು.

ಅವನು ತಿನ್ನುವುದಿಲ್ಲ ಎಂದು ನಾನು ತೊದಲಿದೆ. ಆಕೆ ಅದಕ್ಕೆ ಕಿವಿಯನ್ನೇ ಕೊಡದೆ ಹಿತ್ತಲಿನಿಂದ ಬದನೆಕಾಯಿ ಕಿತ್ತು ತಂದಳು. ಹಸಿ ಬೇವಿನ ಕಡ್ಡಿಗೆ ಪೋಣಿಸಿ, ಉಪ್ಪು ಖಾರ ಎಣ್ಣೆ ಸವರಿ, ಉಳಿದಿದ್ದ ಇದ್ದಿಲು ಹೊತ್ತಿಸಿದಳು. ಸ್ವಲ್ಪ ಹೊತ್ತಿಗೆಲ್ಲ ಮೂವರೂ ಸಾಲಾಗಿ ಕೂತು ಊದಿ ಊದಿ ತಿನ್ನುತ್ತಿದ್ದೆವು. ಮಾಂಸ ಇಲ್ಲವಲ್ಲ ಎಂಬ ಕೊರಗು ನನಗೆ ಮೊದಲ ತುಂಡಿನವರೆಗೆ ಮಾತ್ರ ಇತ್ತು. ಪ್ರಸಾದ್ ಫ್ಯಾಕ್ಟರಿ ಕ್ಯಾಂಟೀನಿನ ಸಾಂಬಾರಿನ ಕತೆ ಹೇಳುತ್ತಿದ್ದ, ಕಾಳಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದಳು.

ಕಡ್ಡಿಯಲ್ಲಿ ಒಂದೇ ತುಂಡು ಉಳಿಯಿತು. ನನ್ನ ಬಾಯಿ ತಾನಾಗಿಯೇ "ನೀವ್ ತಕಳಿ" ಎನ್ನಲು ಹೊರಟಿತ್ತು. ಅಷ್ಟರಲ್ಲಿ ಹುಡುಗ ಮಾತು ನಿಲ್ಲಿಸದೆ, ಯಾರ ಮುಖವನ್ನೂ ನೋಡದೆ, ಅದನ್ನು ಎಳೆದು ಬಾಯಿಗೆ ಹಾಕಿಕೊಂಡ. "ಇದಕ್ಕೆ ಇನ್ನೊಂಚೂರು ಉಪ್ಪು ಬೇಕಿತ್ತು" ಎಂದೂ ಸೇರಿಸಿದ.

ಕಾಳಮ್ಮ ನನ್ನನ್ನು ನೋಡಿದಳು. ನಾನು ಕಾಳಮ್ಮನನ್ನು ನೋಡಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಏನು ತಪ್ಪಾಯಿತೆಂದು ತಿಳಿಯದೆ ಹುಡುಗ ಬಾಯಿ ಉಬ್ಬಿಸಿಕೊಂಡು ಪಿಳಿಪಿಳಿ ನೋಡುತ್ತಿದ್ದ.

ಆಗಲೇ ರಸ್ತೆಯಲ್ಲಿ ಕೀರ್ ಎಂದು ಬ್ರೇಕು. ನಮ್ಮನ್ನು ಸ್ಟಾಪು ದಾಟಿಸಿ ಇಳಿಸಿ ಹೋಗಿದ್ದ ಅದೇ ಬಸ್ಸು ನರಸೀಪುರ ಮುಟ್ಟಿ ವಾಪಸು ಬರುತ್ತಿತ್ತು. ಹೊಗೆ ಕಂಡದ್ದೇ ತಡ, ನಿಂತುಬಿಟ್ಟಿತ್ತು. ಕಿಟಕಿ ತುಂಬಾ ಮೂಗುಗಳು. ಕಂಡಕ್ಟರ್ ಬಾಗಿಲಲ್ಲಿ ಜೋತುಬಿದ್ದು ಕೂಗಿದ. "ಏನಮ್ಮೋ, ತಿರ್ಗಾ ತೆಗ್ದಾ ಅಂಗ್ಡೀಯ?"

"ಇಲ್ಲ ಕಣಪ್ಪ, ಅಂಗ್ಡಿ ಮುಚ್ಚಾಯ್ತು," ಎಂದಳು ಕಾಳಮ್ಮ. "ಇದು ಬೀಗ್ರೂಟ."

ಪ್ರಸಾದನಿಗೆ ಕಡೇ ತುಂಡು ನೆತ್ತಿಗೇರಿತು. ನಾನು ಅವನ ಬೆನ್ನಿಗೆ ಗುದ್ದುತ್ತಾ, ಇನ್ನೊಂದು ಬದನೆಕಾಯಿ ಸುಡು ಕಾಳಮ್ಮ, ಈ ಮನೆ ಮಗನ ದೆಸೆಯಿಂದ ನನಗೆ ಕಡೇ ತುಂಡು ಸಿಗಲಿಲ್ಲ ಎಂದೆ.