ಕಾಲಡಿಯ ಪೆಡಲ್

ಫ್ರಿಜ್ ರಿಪೇರಿ ಮಾಡುವ ಈ ಮನುಷ್ಯನ ಕೈ ಎಷ್ಟು ಚೊಕ್ಕವೋ ಬಾಯಿ ಅಷ್ಟೇ ಹೊಲಸು. ಸ್ಕ್ರೂ ಜಾರಿದರೆ ಸ್ಕ್ರೂವಿನ ವಂಶವನ್ನೇ ಜಾಲಾಡಿಬಿಡುವವನು. ಇಂಥವನು ಮಕ್ಕಳ ಆಸ್ಪತ್ರೆಗೆ ಉಸಿರಾಟದ ಯಂತ್ರ ಕೊಡಿಸಲು ಭಾನುವಾರ ಹಗಲಿಡೀ ವಿಡಿಯೋ ಗೇಮ್ ಆಡಿ ನೇರಪ್ರಸಾರ ಮಾಡುತ್ತೇನೆ, ನೋಡಿದವರು ಕೈಲಾದದ್ದು ಕೊಡಲಿ ಎಂದು ಹೊರಟ. ಮನಸ್ಸು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ವಾರ್ಡಿನ ಟಿ.ವಿ.ಯಲ್ಲಿ ಮಕ್ಕಳೂ ನೋಡುವವರಿದ್ದರು. ಅಲ್ಲಿ ನರ್ಸ್ ಆಗಿದ್ದವಳು ಅವನ ಸ್ವಂತ ಅಕ್ಕ.

"ನನ್ನ ತಮ್ಮ ಒಂದು ಕೆಟ್ಟ ಮಾತಾಡಲ್ಲ ಸಾರ್. ಅದು ನನ್ನ ಜವಾಬ್ದಾರಿ" ಎಂದು ದೊಡ್ಡ ಡಾಕ್ಟರ ಮುಂದೆ ಅವಳೇ ಮಾತು ಕೊಟ್ಟಿದ್ದಳು.

ಬಾಯಿ ತಿದ್ದಿಕೊಳ್ಳುವ ಬದಲು ಮಹಾಶಯ ತಲೆ ಓಡಿಸಿದ. ಹಳೇ ಹೊಲಿಗೆ ಯಂತ್ರದ ಪೆಡಲನ್ನು ಮೈಕಿಗೆ ಜೋಡಿಸಿದ. ಒಮ್ಮೆ ತುಳಿದರೆ ಮೈಕ್ ಬಂದ್, ಇನ್ನೊಮ್ಮೆ ತುಳಿದರೆ ಚಾಲೂ. ಬೈಗುಳ ನಾಲಿಗೆಯ ತುದಿಗೆ ಬಂದಾಗ ತುಳಿಯುವುದು, ಬೈದು ಹಗುರಾದ ಮೇಲೆ ಮತ್ತೆ ತುಳಿಯುವುದು. ಮಧ್ಯಾಹ್ನದವರೆಗೆ ಎಲ್ಲ ಸುಸೂತ್ರ.

ಊಟ ಮುಗಿಸಿ ಕುರ್ಚಿ ಎಳೆದುಕೊಳ್ಳುವಾಗ ಹಿಮ್ಮಡಿ ಪೆಡಲಿಗೆ ತಾಗಿತು. ಮೈಕ್ ಬಂದ್ ಆದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅಲ್ಲಿಂದ ಎಲ್ಲವೂ ತಿರುಗುಮುರುಗು. "ಪುಟ್ಟಾಣಿಗಳಾ, ಔಷಧಿ ಕುಡಿದ್ರಾ?" ಎಂದು ಅಕ್ಕರೆಯಿಂದ ಕೇಳಿದ್ದು ಯಾರಿಗೂ ಕೇಳಲಿಲ್ಲ. ಆಟದಲ್ಲಿ ಸತ್ತಾಗ ಪೆಡಲ್ ಒತ್ತಿ ಉಗುಳಿದ ಬೈಗುಳವಷ್ಟೇ ಊರಿಗೆಲ್ಲ ಕೇಳಿತು. ಹೀಗೆ ಅರ್ಧ ಗಂಟೆ. ಅಕ್ಕ ಓಡಿಹೋಗಿ ಟಿ.ವಿ. ಆರಿಸಿ, ಅವನ ಪಕ್ಕದ ಮನೆಯವರಿಗೆ ಫೋನ್ ಮಾಡಿ ಬಾಗಿಲು ಬಡಿಸಿದ ಮೇಲೆಯೇ ಅವನಿಗೆ ತಿಳಿದದ್ದು.

ನಾಚಿಕೆಯಿಂದ ಮೈ ಹಿಡಿಯಷ್ಟಾಯಿತು. ಆಟ ನಿಲ್ಲಿಸಿ, ಕ್ಷಮೆ ಕೇಳಿ, ಆಸ್ಪತ್ರೆಗೆ ಓಡಿದ. ಅಕ್ಕ ಬೈಯುತ್ತಾಳೆ ಅಂದುಕೊಂಡಿದ್ದ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಅವಳು ಮುಖವನ್ನೇ ನೋಡಲಿಲ್ಲ.

"ಡಾಕ್ಟ್ರು ಏನಂದ್ರು ಅಕ್ಕಾ?"

"ನಿನ್ನ ಬಗ್ಗೆ ಏನೂ ಅನ್ಲಿಲ್ಲ. ಇನ್ಮೇಲೆ ನೀನು ಯಾರ ಪರವಾಗೂ ಮಾತು ಕೊಡ್ಬೇಡಮ್ಮಾ ಅಂತ ನನಗೆ ಅಂದ್ರು."

ಅಷ್ಟು ಹೇಳಿ, ಕಿಟಕಿ ಪಕ್ಕದ ಹಾಸಿಗೆಯ ಪುಟ್ಟ ಹುಡುಗಿಗೆ ಸೂಜಿ ಚುಚ್ಚಲು ಹೋದಳು. ನಿನ್ನೆಯವರೆಗೂ "ಮೆಲ್ಲಗೆ ಅಕ್ಕಾ" ಎನ್ನುತ್ತಿದ್ದ ಮಗು ಅದು. ಸೂಜಿ ತಾಗಿದ್ದೇ ತಡ, ಅವನದೇ ಬೈಗುಳವನ್ನು ಅವನದೇ ರಾಗದಲ್ಲಿ ಅಕ್ಕನ ಮುಖಕ್ಕೆ ಅಂದಿತು. ಆಮೇಲೆ ಅವನ ಕಡೆ ತಿರುಗಿ, ಸರಿಯಾಗಿ ಅಂದೆನಾ ಎಂಬಂತೆ ನಕ್ಕಿತು.

"ಆಯ್ತು ಪುಟ್ಟಿ, ಮುಗೀತು" ಎಂದು ಅಕ್ಕ ಹತ್ತಿ ಒತ್ತಿ ಹಿಡಿದಳು.

ಅವನ ಬಲಗಾಲು ತಾನಾಗಿಯೇ ನೆಲವನ್ನು ತುಳಿಯಿತು. ಅಲ್ಲಿ ಬರೀ ನೆಲವಿತ್ತು.